ಮುನ್ನಾರೋ, ಕೂನೂರೋ?

ಕೇರಳದ ಮುನ್ನಾರ್, ಊಟಿ ಪಕ್ಕದ ಕೂನೂರು, ಎರಡೂ ಚಹಾ ತೋಟದ ಬೆಟ್ಟದೂರುಗಳು. ಒಂದೇ ವರ್ಷ ಎರಡೂ ಕಡೆ ಮೂರು ಮೂರು ದಿನ ಇದ್ದು ಬಂದೆ. ಕಣ್ಣಿಗೆ ಮುನ್ನಾರ್ ಗೆದ್ದಿತು, ಕಿವಿಗೆ ಕೂನೂರು.

ತೋಟದ ಅಂದದಲ್ಲಿ ಮುನ್ನಾರ್‌ಗೆ ಸಾಟಿಯಿಲ್ಲ. ದೇವಿಕುಳಂ ರಸ್ತೆಯಲ್ಲಿ ಗುಡ್ಡಕ್ಕೆ ಗುಡ್ಡವೇ ಕ್ಷೌರ ಮಾಡಿಸಿಕೊಂಡು ನಿಂತ ಹಾಗೆ ಕಾಣುತ್ತದೆ. ಊರೊಳಗೆ ಬಂದಿರೋ, ಜೀಪು, ಹಾರ್ನು, ಸಾಲುಸಾಲು ಚಾಕೊಲೇಟ್ ಅಂಗಡಿ. ಮೂರು ಹೊಳೆ ಸೇರುವ ಜಾಗವೆಂದು ಊರಿಗೆ ಆ ಹೆಸರು. ಹೊಳೆಯ ಸದ್ದು ನನಗೆ ಕೇಳಿಸಿದ್ದು ಬೆಳಗಿನ ಆರರೊಳಗೆ ಮಾತ್ರ. ಸೂರ್ಯನೆಲ್ಲಿ ಎಂಬ ಊರಿನಿಂದ ಕತ್ತಲಲ್ಲೇ ಜೀಪು ಹತ್ತಿ ಕೊಳುಕ್ಕುಮಲೈ ಬೆಟ್ಟಕ್ಕೂ ಹೋದೆ. ಕಾಲಡಿ ಮೋಡದ ಸಮುದ್ರ, ಪಕ್ಕದಲ್ಲಿ ಹಳೇ ಕಾಲದ ಟೀ ಫ್ಯಾಕ್ಟರಿ. ಏಕಾಂತ ಮಾತ್ರ ಇಲ್ಲ, ನನ್ನ ಹಾಗೇ ಸೊಂಟ ನೋಯಿಸಿಕೊಂಡು ಬಂದವರ ಜಾತ್ರೆ.

ಕೂನೂರಿಗೆ ಬಂಡೀಪುರದ ದಾರಿ ಬಿಟ್ಟು, ರೈಲಿನ ಆಸೆಗೆ ಕೊಯಮತ್ತೂರು ಸುತ್ತಿ ಮೆಟ್ಟುಪಾಳ್ಯಂಗೆ ಹೋದೆ. 1899ರಿಂದ ಕೂನೂರಿಗೆ ಬರುತ್ತಿರುವ ರೈಲು ಅದು. ಕಲ್ಲಾರ್ ದಾಟಿದ ಮೇಲೆ ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಕಚ್ಚಿ ಹಿಡಿದು, ಉಗಿ ಎಂಜಿನ್ ಡಬ್ಬಿಗಳನ್ನು ಹಿಂದಿನಿಂದ ನೂಕುತ್ತದೆ. ಕೂನೂರಿನಲ್ಲಿ ಎಂಜಿನ್ ಬದಲಾಯಿತು. ನಾನು ಇಳಿದೆ, ಡಬ್ಬಿಯಲ್ಲಿದ್ದ ಬಹುತೇಕರು ಊಟಿಗೆ ಮುಂದುವರಿದರು. ಈ ಊರಿನ ನೆಮ್ಮದಿಯ ಗುಟ್ಟು ಅಲ್ಲೇ ಇದೆ ಅನಿಸಿತು.

ಹಾಗಂತ ಕೆಳಗಿನ ಬಸ್‌ಸ್ಟ್ಯಾಂಡಿನ ಗಲಾಟೆ ಕಡಿಮೆಯೇನಲ್ಲ. ಆದರೆ ಸಿಮ್ಸ್ ಪಾರ್ಕ್ ಕಡೆ ಹತ್ತು ನಿಮಿಷ ಏರಿದರೆ ಸಿಲ್ವರ್ ಓಕ್ ನೆರಳು, ಫ್ಯಾಕ್ಟರಿಯಿಂದ ತೇಲಿಬರುವ ಒಣಗುವ ಎಲೆಯ ಘಮ. ಇಲ್ಲಿ ಸಣ್ಣ ಹಿಡುವಳಿಯ ಬಡಗರೂ, ಅಂದರೆ ನೀಲಗಿರಿಯ ಬಡಗ ಸಮುದಾಯದವರೂ, ಚಹಾ ಬೆಳೆಯುತ್ತಾರೆ. ಅಂಗಡಿಯ ಬೆಂಚಿನಲ್ಲಿ ಇಬ್ಬರು ಹಿರಿಯರು ಹಸಿ ಎಲೆಯ ದರದ ಬಗ್ಗೆ ಬಡಗು ಭಾಷೆಯಲ್ಲಿ ಗೊಣಗುತ್ತಿದ್ದರು. ಅರ್ಧಕ್ಕರ್ಧ ನನಗೆ ತಿಳಿಯಿತು! ದೂರದ ನೆಂಟರ ಮನೆಯ ಕನ್ನಡ ಕೇಳಿದ ಹಾಗೆ. ಕುಡಿದ ಲೋಟ ಖಾಲಿಯಾಗಿ ಎಷ್ಟೋ ಹೊತ್ತಾದರೂ ಎದ್ದು ಬರಲು ಮನಸ್ಸಾಗಲಿಲ್ಲ.

ಬೀದಿ ಚಹಾದಲ್ಲಿ ವ್ಯತ್ಯಾಸ ಹುಡುಕಬೇಡಿ. ಎರಡೂ ಕಡೆ ಹಾಲು, ಸಕ್ಕರೆ, ಯಂತ್ರದಲ್ಲಿ ಜಜ್ಜಿ ಕಾಳು ಮಾಡಿದ ಸಿಟಿಸಿ ಪುಡಿ. ರುಚಿ ಬೇಕಾದವರು ಕೂನೂರಿನಲ್ಲಿ ಚಳಿಗಾಲದ ಆರ್ಥೊಡಾಕ್ಸ್ ಎಲೆ (ಜಜ್ಜದೆ ಹೊಸೆದು ಒಣಗಿಸಿದ್ದು) ಕೊಂಡು, ಹಾಲು ಹಾಕದೆ ಕುಡಿದು ನೋಡಿ.

ಮೊದಲ ಸಲ ಹೋಗುವವರಿಗೆ, ಫೋಟೊ ಬೇಕಾದವರಿಗೆ ಮುನ್ನಾರ್. ನಾನು ಈ ಡಿಸೆಂಬರಿಗೆ ಮತ್ತೆ ಮೆಟ್ಟುಪಾಳ್ಯಂ ರೈಲಿಗೇ ಟಿಕೆಟ್ ನೋಡುತ್ತಿದ್ದೇನೆ, ಕೂನೂರಿನವರೆಗೆ ಮಾತ್ರ.