ಮನೆಯ ಕಂಪ್ಯೂಟರಿಗೆ ವಿಂಡೋಸ್ ಜೊತೆ ಬರುವ ಡಿಫೆಂಡರ್ ಸಾಕೇ? ಶಂಕರಪುರದಿಂದ ಒಂದು ವಿಮರ್ಶೆ

ನಮ್ಮ ಮನೆಯ ಕಂಪ್ಯೂಟರಿನಲ್ಲಿ ಅತ್ತೆಯವರ ಮಲ್ಲಿಗೆಯ ಲೆಕ್ಕವಿದೆ. ಯಾವ ದಿನ ಎಷ್ಟು ಅಟ್ಟೆ (ಮಲ್ಲಿಗೆಯ ನಮ್ಮೂರಿನ ಅಳತೆ) ಹೂ ಕಟ್ಟೆಗೆ (ಹೂ ಕೊಳ್ಳುವ ಜಾಗಕ್ಕೆ) ಹೋಯಿತು, ಅಂದಿನ ದರವೆಷ್ಟು, ಹೂ ಕಟ್ಟಿದವರಿಗೆ ಕೊಟ್ಟದ್ದೆಷ್ಟು ಎಂಬುದನ್ನು ಆರು ವರ್ಷಗಳಿಂದ ಅವರು ಹೇಳುತ್ತಾರೆ, ನಾನು ಬರೆಯುತ್ತೇನೆ. ಅದೇ ಕಂಪ್ಯೂಟರಿನಲ್ಲಿ ನನ್ನ ಶಾಲೆಯ ಪ್ರಶ್ನೆಪತ್ರಿಕೆಗಳು, ಮಗನ ಪ್ರಾಜೆಕ್ಟ್ ಕೆಲಸಗಳು ಮತ್ತು ಮನೆಯವರು ಬ್ಯಾಂಕಿನ ಖಾತೆ ನೋಡುವ ಬ್ರೌಸರ್ ಇವೆ. ಕಳೆದ ಮಳೆಗಾಲದ ಆರಂಭದಲ್ಲಿ ಈ ಯಂತ್ರಕ್ಕೆ ಕುತಂತ್ರಾಂಶ (ವೈರಸ್‌ನಂಥ ಹಾನಿಕರ ಪ್ರೋಗ್ರಾಮು) ಹೊಕ್ಕಿತು. ಅದನ್ನು ತೆಗೆಯಲು ನಾನು ಮುಖ್ಯವಾಗಿ ಬಳಸಿದ್ದು ವಿಂಡೋಸಿನೊಳಗೇ ಇರುವ ಮೈಕ್ರೋಸಾಫ್ಟ್ ಡಿಫೆಂಡರ್ ಆಂಟಿವೈರಸನ್ನು. ಅದು ಎಷ್ಟರ ಮಟ್ಟಿಗೆ ಕೆಲಸಕ್ಕೆ ಬಂತು, ಎಲ್ಲಿ ಕೈಕೊಟ್ಟಿತು ಎಂಬುದನ್ನು, ಹೊಸ ಆಂಟಿವೈರಸ್ ಕೊಳ್ಳಲು ಹೊರಟಿರುವ ನಮ್ಮಂಥ ಮನೆಯವರಿಗಾಗಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಕಂಡದ್ದು ಸಣ್ಣ ಲಕ್ಷಣಗಳು. ಪರದೆಯ ಬಲಗಡೆಯ ಕೆಳಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರಿನಲ್ಲಿ ಐದು ವೈರಸ್‌ಗಳಿವೆ’ ಎಂಬ ಇಂಗ್ಲಿಷ್ ಎಚ್ಚರಿಕೆಗಳು ಒಂದರ ಹಿಂದೊಂದು ಬರತೊಡಗಿದವು. ಹುಡುಕಾಟಕ್ಕೆ ಏನನ್ನು ಟೈಪ್ ಮಾಡಿದರೂ ಹೆಸರೇ ಕೇಳಿರದ ಸರ್ಚ್ ಪುಟ ತೆರೆಯುತ್ತಿತ್ತು. ಯಾರೂ ಮುಟ್ಟದೆ ಇದ್ದಾಗಲೂ ಫ್ಯಾನ್ ಜೋರಾಗಿ ಸದ್ದು ಮಾಡುತ್ತಿತ್ತು; ಆದರೆ ಕಾರಣ ನೋಡೋಣವೆಂದು, ಓಡುತ್ತಿರುವ ಪ್ರೋಗ್ರಾಮುಗಳನ್ನು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ಸದ್ದು ಇಳಿದುಬಿಡುತ್ತಿತ್ತು. ಈ ಕೊನೆಯ ಲಕ್ಷಣವೇ ನನ್ನನ್ನು ಹೆಚ್ಚು ಹೆದರಿಸಿತು. ನಮ್ಮ ಪ್ರೊಸೆಸರನ್ನು ದುಡಿಸಿಕೊಂಡು ಬೇರೆ ಯಾರಿಗೋ ಕ್ರಿಪ್ಟೋ ನಾಣ್ಯ ಗಳಿಸಿಕೊಡುವ ಮೈನರ್ ತಂತ್ರಾಂಶಗಳಲ್ಲಿ ಕೆಲವು, ಟಾಸ್ಕ್ ಮ್ಯಾನೇಜರ್ ತೆರೆದುದನ್ನು ಗುರುತಿಸಿ ತಾವಾಗಿ ಸುಮ್ಮನಾಗುತ್ತವೆ.

ಉಡುಪಿಯ ಒಂದು ಅಂಗಡಿಗೆ ಸಿಪಿಯು ಒಯ್ದೆ. ಎರಡು ವರ್ಷದ ಹಿಂದೆ ಎಸ್‌ಎಸ್‌ಡಿ ಹಾಕಿ ವಿಂಡೋಸ್ ತುಂಬಿಸಿ ಕೊಟ್ಟವರೂ ಅವರೇ. ಅಲ್ಲಿನ ಹುಡುಗ ಆನ್ ಮಾಡಿ ಅರ್ಧ ನಿಮಿಷ ನೋಡಿ, “ಫಾರ್ಮ್ಯಾಟ್ ಮಾಡ್ಲಿಕ್ಕುಂಟು ಮೇಡಂ, ಸಂಜೆ ಬನ್ನಿ” ಎಂದ. ಏನು ಬಂದಿದೆ, ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರವಿಲ್ಲ. ಒಳಗಿನ ಕಡತಗಳನ್ನು ಏನು ಮಾಡುತ್ತೀರಿ ಎಂದು ಕೇಳಿದಾಗ “ಸಿ ಡ್ರೈವ್‌ನಲ್ಲಿದ್ದದ್ದು ಹೋಗ್ತದೆ” ಎಂದಷ್ಟೇ ಹೇಳಿದ. ಜೊತೆಗೆ ಬಂದಿದ್ದ ಅತ್ತೆ “ನನ್ನ ಲೆಕ್ಕ ಉಂಟಲ್ಲ ಅದರಲ್ಲಿ?” ಎಂದು ಕೇಳಿದ್ದೇ ನಾನು ಸಿಪಿಯುವನ್ನು ಮತ್ತೆ ರಿಕ್ಷಾಕ್ಕೆ ಹಾಕಿಸಿದೆ. ಫಾರ್ಮ್ಯಾಟ್ ಮಾಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಕೊನೆಗೆ ನಾನೂ ಅದನ್ನೇ ಮಾಡಿದೆ. ಆದರೆ ರೋಗ ಯಾವುದೆಂದು ತಿಳಿಯದೆ ಮಾಡಿದ ಫಾರ್ಮ್ಯಾಟ್ ನಮ್ಮ ಪಾಲಿಗೆ ಪೂರ್ತಿ ವ್ಯರ್ಥವಾಗುತ್ತಿತ್ತು. ಅದಕ್ಕೆ ಕಾರಣ ಮನೆಗೆ ಬಂದ ಮೇಲೆ ಗೊತ್ತಾಯಿತು.

ಮನೆಯಲ್ಲಿ ಮೊದಲು ಮಾಡಿದ ಕೆಲಸವೆಂದರೆ ನೆಟ್ ಕೇಬಲ್ ಕಳಚಿದ್ದು. ಆಮೇಲೆ ಶುದ್ಧವಾಗಿದ್ದ ನನ್ನ ಮೊಬೈಲಿನಿಂದ ಇಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್‌ಗಳನ್ನು ಬದಲಿಸಿ, ಇಮೇಲ್ ಖಾತೆಯನ್ನು ಎಲ್ಲ ಸಾಧನಗಳಿಂದಲೂ ಸೈನ್ ಔಟ್ ಮಾಡಿದೆ. ಸೋಂಕಿರುವ ಕಂಪ್ಯೂಟರಿನಲ್ಲೇ ಕುಳಿತು ಪಾಸ್‌ವರ್ಡ್ ಬದಲಿಸಿದರೆ ಹೊಸದೂ ಕಳ್ಳನ ಕೈಗೇ ಹೋಗಬಹುದು. ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೂ ಕೆಲಸ ಮುಗಿಯುವುದಿಲ್ಲ, ಏಕೆಂದರೆ ಮಾಹಿತಿ ಕದಿಯುವ ಕುತಂತ್ರಾಂಶಗಳು ನಾವು ಲಾಗಿನ್ ಆಗಿರುವುದನ್ನು ನೆನಪಿಡುವ ಬ್ರೌಸರಿನ ಕುಕೀಗಳನ್ನೂ ಹೊತ್ತೊಯ್ಯುತ್ತವೆ. ಅವುಗಳಿದ್ದರೆ ಪಾಸ್‌ವರ್ಡ್ ಇಲ್ಲದೆಯೇ ನಮ್ಮ ಖಾತೆಯೊಳಗೆ ನುಗ್ಗಲು ಸಾಧ್ಯ. ಹಣವೇ ಹೋಗಿದ್ದರೆ ಇವೆಲ್ಲಕ್ಕೂ ಮೊದಲು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ನಮ್ಮಲ್ಲಿ ಪುಣ್ಯಕ್ಕೆ ಹಣ ಹೋಗಿರಲಿಲ್ಲ.

ಇನ್ನು ಡಿಫೆಂಡರಿನ ವಿಷಯ. ವಿಂಡೋಸ್ ಸೆಕ್ಯುರಿಟಿಯನ್ನು ತೆರೆದರೆ ಎಲ್ಲ ಕಡೆಯೂ ಹಸಿರು ಗುರುತು. ಕ್ವಿಕ್ ಸ್ಕ್ಯಾನ್ ಓಡಿಸಿದರೆ ಅಪಾಯವೇನೂ ಇಲ್ಲವೆಂಬ ವರದಿ. ಇಷ್ಟನ್ನು ನೋಡಿದ ಯಾರಾದರೂ ಈ ಆಂಟಿವೈರಸ್ ನಿಷ್ಪ್ರಯೋಜಕವೆಂದು ತೀರ್ಮಾನಿಸುತ್ತಾರೆ. ನಾನೂ ಅರ್ಧ ಗಂಟೆ ಹಾಗೆಯೇ ಅಂದುಕೊಂಡಿದ್ದೆ. ‘ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್’ ಪುಟದ ಸೆಟ್ಟಿಂಗ್ಸ್‌ನಲ್ಲಿ ಕೊನೆಯವರೆಗೆ ಇಳಿದು ಹೋದಾಗ ‘ಎಕ್ಸ್‌ಕ್ಲೂಷನ್ಸ್’ ಎಂಬ ಪಟ್ಟಿ ಸಿಕ್ಕಿತು. ಇಲ್ಲಿ ನಮೂದಿಸಿದ ಜಾಗಗಳನ್ನು ಡಿಫೆಂಡರ್ ಪರೀಕ್ಷಿಸುವುದಿಲ್ಲ. ನಮ್ಮ ಪಟ್ಟಿಯಲ್ಲಿ ಇಡೀ ಸಿ ಡ್ರೈವ್ ಇತ್ತು! ಡಿಫೆಂಡರಿನ ಸೆಟ್ಟಿಂಗುಗಳನ್ನು ಬೇರೆ ಪ್ರೋಗ್ರಾಮುಗಳು ತಿದ್ದದಂತೆ ಕಾಯುವ ಟ್ಯಾಂಪರ್ ಪ್ರೊಟೆಕ್ಷನ್ ಆಫ್ ಆಗಿತ್ತು, ಅದರ ಬಗೆಗಿನ ಎಚ್ಚರಿಕೆಯನ್ನೂ ಯಾರೋ ಡಿಸ್ಮಿಸ್ ಮಾಡಿಟ್ಟಿದ್ದರು. ಕಾವಲುಗಾರ ನಿದ್ರಿಸಿರಲಿಲ್ಲ, ಅವನ ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸಿದ್ದರು.

ಹೀಗೆ ಮಾಡಿದವರು ಯಾರು, ಏಕೆ ಎಂಬುದು ಮುಂದಿನ ಸ್ಕ್ಯಾನಿನಲ್ಲಿ ತಿಳಿಯಿತು. ಆ ಪಟ್ಟಿಯನ್ನು ಅಳಿಸಿ, ಟ್ಯಾಂಪರ್ ಪ್ರೊಟೆಕ್ಷನ್ ಆನ್ ಮಾಡಿ, ಕೆಲವೇ ನಿಮಿಷ ನೆಟ್ ಜೋಡಿಸಿ ಹೊಸ ವೈರಸ್ ವಿವರಗಳನ್ನು ಇಳಿಸಿಕೊಂಡು, ಮತ್ತೆ ನೆಟ್ ತೆಗೆದು, ಮೈಕ್ರೋಸಾಫ್ಟ್ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನನ್ನು ಆರಿಸಿದೆ. ಈ ಸೌಲಭ್ಯವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅದು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ವಿಂಡೋಸ್ ಪೂರ್ತಿ ಏಳುವ ಮೊದಲೇ, ಅದರ ಹೊರಗೆ ನಿಂತು ಡಿಸ್ಕನ್ನು ಪರೀಕ್ಷಿಸುತ್ತದೆ. ವಿಂಡೋಸಿನ ಜೊತೆಗೇ ಎದ್ದು ತನ್ನನ್ನು ಮರೆಮಾಚಿಕೊಳ್ಳುವ ಕುತಂತ್ರಾಂಶಕ್ಕೆ ಆಗ ಏಳುವ ಅವಕಾಶವೇ ಇರುವುದಿಲ್ಲ. ನಮ್ಮಲ್ಲಿ ಅದಕ್ಕೆ ಹಿಡಿದದ್ದು ಸುಮಾರು ಕಾಲು ಗಂಟೆ. ಆಮೇಲೆ ಪ್ರೊಟೆಕ್ಷನ್ ಹಿಸ್ಟರಿಯಲ್ಲಿ ನೋಡಿದರೆ ಎರಡು ಮುಖ್ಯ ಹೆಸರುಗಳಿದ್ದವು. ಒಂದು ‘ಟ್ರೋಜನ್’ (ಒಳ್ಳೆಯದರ ವೇಷದಲ್ಲಿ ಒಳಬರುವ ಕುತಂತ್ರಾಂಶ) ಎಂದು ಆರಂಭವಾಗುತ್ತಿತ್ತು, ಅದು ನಾನು ಶಂಕಿಸಿದ್ದ ಮೈನರ್. ಇನ್ನೊಂದು ‘ಹ್ಯಾಕ್‌ಟೂಲ್’ ಎಂದು ಆರಂಭವಾಗುತ್ತಿತ್ತು. ಡಿಫೆಂಡರ್ ಕೊಡುವ ಹೆಸರುಗಳಲ್ಲಿ ಮೊದಲ ಪದವು ಕುತಂತ್ರಾಂಶದ ಬಗೆಯನ್ನೂ, ನಂತರದ್ದು ಅದು ಓಡುವ ವ್ಯವಸ್ಥೆಯನ್ನೂ, ಓರೆಗೆರೆಯ (/) ಮುಂದಿನದು ಅದರ ಕುಟುಂಬವನ್ನೂ ಸೂಚಿಸುತ್ತದೆ. ಇದನ್ನು ಓದಲು ಕಲಿತರೆ ಅರ್ಧ ಭಯ ಕಡಿಮೆಯಾಗುತ್ತದೆ.

ಆ ಹ್ಯಾಕ್‌ಟೂಲ್ ಬೇರೇನೂ ಅಲ್ಲ, ಲೈಸೆನ್ಸ್ ಇಲ್ಲದ ವಿಂಡೋಸನ್ನು ಅಸಲಿಯೆಂದು ನಂಬಿಸುವ ಆ್ಯಕ್ಟಿವೇಟರ್. ಕಡತದ ದಿನಾಂಕವು ಎಸ್‌ಎಸ್‌ಡಿ ಹಾಕಿಸಿದ ದಿನದ್ದೇ. ಇಂಥ ಸಾಧನವನ್ನು ಡಿಫೆಂಡರ್ ಕಂಡ ಕೂಡಲೇ ಹಿಡಿಯುವುದರಿಂದ, ಅದನ್ನು ಹಾಕುವವರು ಮೊದಲು ರಕ್ಷಣೆಯನ್ನು ಆಫ್ ಮಾಡಿ, ಜಾಗವನ್ನು ಎಕ್ಸ್‌ಕ್ಲೂಷನ್ಸ್‌ಗೆ ಸೇರಿಸಿಬಿಡುತ್ತಾರೆ. ಕೆಲಸ ಸುಲಭವಾಗಲೆಂದು ಇಡೀ ಡ್ರೈವನ್ನೇ ಸೇರಿಸಿದರೆ, ಆಮೇಲೆ ಆ ದಾರಿಯಲ್ಲಿ ಯಾವುದು ಬಂದರೂ ತಡೆಯಿಲ್ಲ. ಮಗ ಯಾವುದೋ ತಾಣದಿಂದ ಇಳಿಸಿಕೊಂಡಿದ್ದ ‘ಉಚಿತ ಕನ್ನಡ ಟೈಪಿಂಗ್’ ಪ್ಯಾಕೇಜಿನ ಜೊತೆ ಮೈನರ್ ಒಳಬಂದದ್ದು ಹೀಗೆ. ಅಂದು ಸಂಜೆಯೊಳಗೆ ಫಾರ್ಮ್ಯಾಟ್ ಆಗಿದ್ದರೆ ಅಂಗಡಿಯ ಅದೇ ಪೆನ್‌ಡ್ರೈವಿನಿಂದ ಅದೇ ವಿಂಡೋಸ್, ಅದೇ ಆ್ಯಕ್ಟಿವೇಟರ್ ಮತ್ತೆ ಒಳಗೆ ಬರುತ್ತಿದ್ದವು. ರಿಪೇರಿಗೆ ಕೊಟ್ಟು ಬಂದ ಕಂಪ್ಯೂಟರುಳ್ಳ ಎಲ್ಲರಿಗೂ ನನ್ನ ವಿನಂತಿಯೆಂದರೆ, ಬೇರೇನೂ ಮಾಡದಿದ್ದರೂ ಆ ಪಟ್ಟಿಯನ್ನು ಒಮ್ಮೆ ತೆರೆದು ನೋಡಿ. ಸಾಮಾನ್ಯ ಮನೆಯ ಕಂಪ್ಯೂಟರಿನಲ್ಲಿ ಅದು ಖಾಲಿಯಾಗಿರಬೇಕು.

ಡಿಫೆಂಡರಿನ ಮೇಲೆ ನನ್ನ ದೊಡ್ಡ ಆಕ್ಷೇಪಣೆಯೂ ಇಲ್ಲಿಯೇ ಇದೆ. ಸಿ ಡ್ರೈವ್ ಪೂರ್ತಿಯಾಗಿ ಪರೀಕ್ಷೆಯಿಂದ ಹೊರಗುಳಿದಿರುವಾಗ ಅದು ಹಸಿರು ಗುರುತು ತೋರಿಸಬಾರದು. ಮೊದಲ ಪುಟದಲ್ಲಿಯೇ ಕೆಂಪು ಅಕ್ಷರದಲ್ಲಿ ಹೇಳಬೇಕಾದ ಸಂಗತಿಯನ್ನು ನಾಲ್ಕು ಕ್ಲಿಕ್ಕುಗಳ ಆಳದಲ್ಲಿ ಇಟ್ಟಿರುವುದು ಬಳಕೆದಾರರಿಗೆ ಮಾಡಿದ ಅನ್ಯಾಯ.

ಇನ್ನೊಂದು ಕೊರತೆ ಬ್ರೌಸರಿನದು. ಟ್ರೋಜನ್ ಹೋದ ಮೇಲೂ ಮೂಲೆಯ ಎಚ್ಚರಿಕೆಗಳು ನಿಲ್ಲಲಿಲ್ಲ. ಅವು ವೈರಸ್ಸೇ ಆಗಿರಲಿಲ್ಲ. ಯಾವುದೋ ತಾಣ ಕೇಳಿದಾಗ ‘ಅಲೋ’ ಒತ್ತಿದ್ದರಿಂದ ಬರುತ್ತಿದ್ದ ನೋಟಿಫಿಕೇಷನ್‌ಗಳು. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಆ ತಾಣದ ಅನುಮತಿಯನ್ನು ತೆಗೆದಾಗ ತಕ್ಷಣ ನಿಂತವು. ಹುಡುಕಾಟವನ್ನು ತಿರುಗಿಸುತ್ತಿದ್ದ ಎಕ್ಸ್‌ಟೆನ್ಷನನ್ನು ಕೈಯಾರೆ ತೆಗೆಯಬೇಕಾಯಿತು. ಅದರ ಉಳಿಕೆಗಳನ್ನು ಗುಡಿಸಲು ಮಾಲ್‌ವೇರ್‌ಬೈಟ್ಸ್ ಸಂಸ್ಥೆಯ ಆ್ಯಡ್‌ಡಬ್ಲ್ಯೂಕ್ಲೀನರ್ ಎಂಬ ಉಚಿತ ಸಾಧನ ನೆರವಾಯಿತು; ಅದು ಚಿಕ್ಕದು, ಇನ್‌ಸ್ಟಾಲ್ ಮಾಡದೆಯೇ ಓಡುತ್ತದೆ, ಜಾಹೀರಾತು ತುರುಕುವ ತಂತ್ರಾಂಶಗಳ ವಿಷಯದಲ್ಲಿ ಡಿಫೆಂಡರಿಗಿಂತ ಚುರುಕು. ಮೈನರನ್ನು ಪ್ರತಿ ಸಲ ಎಬ್ಬಿಸಲು ಇಟ್ಟಿದ್ದ ಒಂದು ಆದೇಶವೂ, ಪ್ರೋಗ್ರಾಮುಗಳನ್ನು ಹೊತ್ತಿಗೆ ಸರಿಯಾಗಿ ಓಡಿಸುವ ವಿಂಡೋಸಿನ ಟಾಸ್ಕ್ ಶೆಡ್ಯೂಲರಿನಲ್ಲಿ ಉಳಿದಿತ್ತು. ಅದನ್ನು ಕಂಡದ್ದು, ತಾನಾಗಿ ಏಳುವ ಪ್ರೋಗ್ರಾಮುಗಳನ್ನು ಪಟ್ಟಿ ಮಾಡುವ, ಮೈಕ್ರೋಸಾಫ್ಟಿನದೇ ಆದ ಆಟೋರನ್ಸ್ ಎಂಬ ಸಾಧನದಿಂದ. ಆದರೆ ಆಟೋರನ್ಸ್ ತೋರಿಸುವ ಪಟ್ಟಿ ಬಹಳ ಉದ್ದ, ತಿಳಿಯದವರು ಅಲ್ಲಿ ಏನನ್ನೂ ಅಳಿಸದಿರುವುದು ಕ್ಷೇಮ. ಭಾರತ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ನಡೆಸುವ, 2017ರಲ್ಲಿ ಆರಂಭವಾದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿಯೂ ಉಚಿತ ಶುದ್ಧೀಕರಣ ಸಾಧನಗಳು ಸಿಗುತ್ತವೆ. ಎರಡನೆಯ ಅಭಿಪ್ರಾಯಕ್ಕಾಗಿ ಅವನ್ನು ಓಡಿಸಬಹುದು.

ಇಷ್ಟಾದ ಮೇಲೂ ನಾನು ವಿಂಡೋಸನ್ನು ಹೊಸದಾಗಿ ಹಾಕಿದೆ. ಎರಡು ವರ್ಷ ಕಣ್ಣು ಕಟ್ಟಿದ್ದ ಯಂತ್ರದಲ್ಲಿ, ಆಡಳಿತಾಧಿಕಾರ ಪಡೆದಿದ್ದ ಕುತಂತ್ರಾಂಶ ಬೇರೇನನ್ನು ಮಾಡಿಟ್ಟಿದೆಯೋ ಎಂಬುದನ್ನು ಯಾವ ಸ್ಕ್ಯಾನರೂ ಪೂರ್ತಿಯಾಗಿ ಹೇಳಲಾರದು, ಮತ್ತು ಬ್ಯಾಂಕಿನ ವ್ಯವಹಾರ ಮಾಡುವ ಕಂಪ್ಯೂಟರಿನಲ್ಲಿ ಅಷ್ಟು ಸಂಶಯವನ್ನೂ ಇಟ್ಟುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಲೆಕ್ಕದ ಹಾಳೆಗಳು, ಚಿತ್ರಗಳು ಮತ್ತು ದಾಖಲೆಗಳನ್ನು ಮಾತ್ರ ಹೊರಗಿನ ಹಾರ್ಡ್‌ಡಿಸ್ಕಿಗೆ ತೆಗೆದುಕೊಂಡು, ಪ್ರೋಗ್ರಾಮುಗಳನ್ನು ಒಂದನ್ನೂ ತೆಗೆದುಕೊಳ್ಳದೆ, ಶಾಲೆಯ ಗೆಳತಿಯ ಲ್ಯಾಪ್‌ಟಾಪಿನಲ್ಲಿ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲಿನಿಂದ 8 ಜಿಬಿ ಪೆನ್‌ಡ್ರೈವ್ ತಯಾರಿಸಿಕೊಂಡೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಮತ್ತು ನಮ್ಮದರಲ್ಲಿ ಎಂಟನೇ ತಲೆಮಾರಿನ ಇಂಟೆಲ್ ಪ್ರೊಸೆಸರೂ ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ ಕೂಡ ಇದ್ದುದರಿಂದ, ವಿಂಡೋಸ್ 11 ಹಾಕಿ ಅಸಲಿ ಲೈಸೆನ್ಸ್ ಕೊಂಡೆವು. ಆ ಖರ್ಚು ಮನೆಯಲ್ಲಿ ಚರ್ಚೆಗೆ ಬಂತು. ಆಂಟಿವೈರಸ್ಸಿಗೆಂದು ಎತ್ತಿಟ್ಟ ಹಣವನ್ನು ಲೈಸೆನ್ಸಿಗೆ ಹಾಕಿದ್ದು ಸರಿಯೆಂದೇ ಈಗಲೂ ನನ್ನ ಅಭಿಪ್ರಾಯ.

ಈಗ ಅತ್ತೆ, ಮಗ, ನಾನು ದಿನನಿತ್ಯ ಬಳಸುವುದು ಸ್ಟ್ಯಾಂಡರ್ಡ್ ಖಾತೆಗಳನ್ನು. ಅಡ್ಮಿನಿಸ್ಟ್ರೇಟರ್ ಖಾತೆಯ ಪಾಸ್‌ವರ್ಡ್ ನನ್ನಲ್ಲಿ ಮಾತ್ರ ಇದೆ, ಹಾಗಾಗಿ ಹೊಸದನ್ನು ಇನ್‌ಸ್ಟಾಲ್ ಮಾಡಬೇಕಾದರೆ ಮಗ ನನ್ನನ್ನು ಕೂಗಲೇಬೇಕು. ಕನ್ನಡ ಟೈಪಿಂಗಿಗಾಗಿ ಎಲ್ಲೆಲ್ಲೋ ಅಲೆಯುವ ಅಗತ್ಯವೂ ಉಳಿದಿಲ್ಲ. 2019ರಿಂದ ವಿಂಡೋಸಿನಲ್ಲಿಯೇ ಕನ್ನಡದ ಫೊನೆಟಿಕ್ ಕೀಬೋರ್ಡ್ ಇದೆ. ‘ವಿಂಡೋಸ್ ಪ್ರೊಟೆಕ್ಟೆಡ್ ಯುವರ್ ಪಿಸಿ’ ಎಂಬ ನೀಲಿ ಚೌಕ ಬಂದರೆ ‘ರನ್ ಎನಿವೇ’ ಒತ್ತಬಾರದೆಂದು ಎಲ್ಲರಿಗೂ ತಿಳಿಸಿದ್ದೇನೆ.

ಡಿಫೆಂಡರಿನಲ್ಲಿ ತಾನಾಗಿ ಆನ್ ಆಗಿರದ ಒಂದು ಸೌಲಭ್ಯವುಂಟು, ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಬಂದರೂ, ಗುರುತಿಲ್ಲದ ಪ್ರೋಗ್ರಾಮು ಆಯ್ದ ಫೋಲ್ಡರುಗಳೊಳಗೆ ಬರೆಯದಂತೆ ಇದು ತಡೆಯುತ್ತದೆ. ಮಲ್ಲಿಗೆಯ ಲೆಕ್ಕದ ಫೋಲ್ಡರನ್ನು ಇದಕ್ಕೆ ಸೇರಿಸಿದ್ದೇನೆ. ಮೊದಲ ವಾರ ಇದು ಕಾಗದ ಸ್ಕ್ಯಾನ್ ಮಾಡುವ ನಮ್ಮ ಯಂತ್ರದ ತಂತ್ರಾಂಶವನ್ನೂ ತಡೆದು ತೊಂದರೆ ಕೊಟ್ಟಿತು. ಅನುಮತಿ ಪಟ್ಟಿಗೆ ಅದನ್ನು ಸೇರಿಸಿದ ಮೇಲೆ ಸರಿಹೋಯಿತು. ಇದನ್ನೇ ನಂಬಿ ಕೂರದೆ ಪ್ರತಿ ಭಾನುವಾರ ಹೊರಗಿನ ಹಾರ್ಡ್‌ಡಿಸ್ಕಿಗೆ ಪ್ರತಿ ತೆಗೆದು, ಕೂಡಲೇ ಕಳಚಿ ಕಪಾಟಿನಲ್ಲಿಡುತ್ತೇವೆ. ಜೋಡಿಸಿಯೇ ಇಟ್ಟ ಡಿಸ್ಕಿಗೆ ರ‍್ಯಾನ್ಸಮ್‌ವೇರೂ ತಲುಪುತ್ತದೆ, ನಮ್ಮ ಕರಾವಳಿಯ ಸಿಡಿಲೂ ತಲುಪುತ್ತದೆ.

ದಿನನಿತ್ಯದ ರಕ್ಷಣೆಯಲ್ಲಿ ಡಿಫೆಂಡರ್ ದುಡ್ಡು ಕೊಟ್ಟು ತರುವ ಉತ್ಪನ್ನಗಳಿಗಿಂತ ಹಿಂದೆ ಇದೆಯೆಂದು ನನಗೆ ಅನ್ನಿಸಿಲ್ಲ. ಜರ್ಮನಿಯ ಎವಿ-ಟೆಸ್ಟ್ ಪ್ರಯೋಗಾಲಯದ ಪರೀಕ್ಷೆಗಳಲ್ಲಿಯೂ ಅದು ಈಚಿನ ವರ್ಷಗಳಲ್ಲಿ ಒಳ್ಳೆಯ ಅಂಕ ಪಡೆಯುತ್ತಿದೆ. ಆದರೆ ಅದು ಹೊಸ ಅಪಾಯಗಳನ್ನು ಗುರುತಿಸಲು ಮೈಕ್ರೋಸಾಫ್ಟಿನ ಸರ್ವರುಗಳ ನೆರವನ್ನು ಬಹಳವಾಗಿ ಅವಲಂಬಿಸಿದೆ, ನೆಟ್ ಇಲ್ಲದಾಗ ಅದರ ಶಕ್ತಿ ಕುಂದುತ್ತದೆ. ನಗರದವರಿಗೆ ಇದು ಸಣ್ಣ ಮಾತಾಗಿರಬಹುದು. ನಮ್ಮಲ್ಲಿ ಜುಲೈ ತಿಂಗಳಲ್ಲಿ ಮರ ಬಿದ್ದು ಫೈಬರ್ ತುಂಡಾದರೆ ಎರಡು ಮೂರು ದಿನ ನೆಟ್ ಇರುವುದಿಲ್ಲ. ಅದೇ ದಿನಗಳಲ್ಲಿ ಪ್ರಶ್ನೆಪತ್ರಿಕೆಯನ್ನು ಪೆನ್‌ಡ್ರೈವಿಗೆ ಹಾಕಿ ಜೆರಾಕ್ಸ್ ಅಂಗಡಿಗೆ ಒಯ್ಯುತ್ತೇನೆ, ಮತ್ತು ಅಲ್ಲಿಂದ ಬಂದ ಪೆನ್‌ಡ್ರೈವಿನಲ್ಲಿ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿರುವುದನ್ನು (ಇದು ಪೆನ್‌ಡ್ರೈವಿನಲ್ಲಿ ಹರಡುವ ವೈರಸ್ಸಿನ ಲಕ್ಷಣ) ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಹಾಗಾಗಿ ನೆಟ್ ಇಲ್ಲದ ದಿನ ಹೊರಗೆ ಹೋಗಿಬಂದ ಪೆನ್‌ಡ್ರೈವನ್ನು ಈ ಕಂಪ್ಯೂಟರಿಗೆ ಹಾಕುವುದಿಲ್ಲ. ನೆಟ್ ಬಂದ ಮೇಲೆ, ತೆರೆಯುವ ಮೊದಲು, ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಕ್ಯಾನ್ ಮಾಡಿಸುತ್ತೇನೆ.

4 ಜಿಬಿ ರ‍್ಯಾಮಿನ ಹಳೆಯ ಯಂತ್ರವಿದ್ದವರಿಗೆ ಇದರ ಫುಲ್ ಸ್ಕ್ಯಾನ್ ಭಾರವೆನಿಸುತ್ತದೆ, ಅದನ್ನು ರಾತ್ರಿಗೆ ಇಟ್ಟುಕೊಳ್ಳುವುದು ಮೇಲು. ದುಡ್ಡು ಕೊಟ್ಟ ಆಂಟಿವೈರಸ್ ಈಗಾಗಲೇ ಇದ್ದರೆ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ, ಎರಡನ್ನೂ ಒಟ್ಟಿಗೆ ಓಡಿಸಲು ಹೆಣಗಬೇಕಿಲ್ಲ. ಅಂಥ ಉತ್ಪನ್ನದ ಅವಧಿ ಮುಗಿದಿದ್ದು ನವೀಕರಿಸುವ ಮನಸ್ಸಿಲ್ಲದಿದ್ದರೆ ಅದನ್ನು ಪೂರ್ತಿ ತೆಗೆದುಹಾಕಿ, ಡಿಫೆಂಡರ್ ಮತ್ತೆ ಆನ್ ಆಯಿತೇ ಎಂದು ನೋಡಿ, ಅದೇ ಸಮಯದಲ್ಲಿ ಎಕ್ಸ್‌ಕ್ಲೂಷನ್ಸ್ ಪಟ್ಟಿಯನ್ನೂ ತೆರೆಯಿರಿ.