ಸೈಲೆನ್ಸರ್ ಹಾಕಿದ್ರೆ ‘ಚಟ್’ ಎಲ್ಲಿ ಹೋಯ್ತು?

ಹದಿನೇಳು ವರ್ಷ ಮಿಲಿಟರಿಯಲ್ಲಿದ್ದೆ. ಈಗ ಚಿಂತಾಮಣಿಯ ಒಂದು ಬ್ಯಾಂಕಿನ ಬಾಗಿಲಲ್ಲಿ ಡಬಲ್ ಬ್ಯಾರಲ್ ಹಿಡಿದು ಕೂರೋ ಗನ್‌ಮ್ಯಾನ್. ಅಕ್ಕನ ಮಗ ಭಾನುವಾರ ಸ್ನೇಹಿತರ ಜೊತೆ ದಾಳ ಉರುಳಿಸಿ ಆಡೋ ರೋಲ್‌ಪ್ಲೇ ಆಟದ ಪುಸ್ತಕ ತಂದು, "ಮಾವ, ಬಂದೂಕಿನ ಅಧ್ಯಾಯ ಸರಿಯಿದೆಯಾ ನೋಡಿ" ಅಂದ.

ಗುಂಡು ಹೊಡೆದಾಗ ಬಂದೂಕು ಹಿಂದಕ್ಕೆ ಗುದ್ದುತ್ತಲ್ಲ, ಆ ಒದೆತದ ಲೆಕ್ಕ ಮೆಚ್ಚಿದೆ. ಮೊದಲ ಗುಂಡಿಗೆ ಏನೂ ಕಳೆಯಲ್ಲ, ಎರಡನೆಯದಕ್ಕೆ ದಾಳದಲ್ಲಿ ಎರಡು ಕಳೀಬೇಕು, ಮೂರನೆಯದಕ್ಕೆ ನಾಲ್ಕು. ಒಂದು ಹೊಡೆದ ಮೇಲೆ ತಾನೆ ಮೂತಿ ಮೇಲೇಳೋದು. ತೋಟಾ, ತೂಕ ಎರಡನ್ನೂ ಹಿಡಿದಿದ್ದಾರೆ. ನಮ್ಮ ಮಿಲಿಟರಿ ರೈಫಲ್‌ಗಳಾದ ಎಸ್‌ಎಲ್‌ಆರ್, ಇನ್ಸಾಸ್ ಎರಡೂ ನಾಲ್ಕು ಕಿಲೋ ಆಸುಪಾಸು, ಆದರೂ ಎಸ್‌ಎಲ್‌ಆರ್‌ನ 7.62 ಮಿ.ಮೀ. ತೋಟಾ ಗುದ್ದುತ್ತೆ, ಇನ್ಸಾಸ್‌ನ 5.56 ತಳ್ಳುತ್ತೆ.

ಮೂತಿಗೆ ಮಜಲ್ ಬ್ರೇಕ್ ಹಾಕಿದರೆ ಒದೆತ ಅರ್ಧವಂತೆ. ಆಗಲಿ, ಆದರೆ ಬಿಟ್ಟಿಯಾಗಿ ಕೊಟ್ಟುಬಿಟ್ಟಿದ್ದಾರೆ. ಗ್ಯಾಸನ್ನು ಪಕ್ಕಕ್ಕೆ, ಹಿಂದಕ್ಕೆ ತಿರುಗಿಸೋ ಸಾಮಾನು ಅದು. ಪಕ್ಕದಲ್ಲಿ ಮಲಗಿದವನ ಕಿವಿ ಗುಂಯ್ ಅನ್ನುತ್ತಲ್ಲ, ಅದಕ್ಕೆ ದಂಡ ಬೇಡವೇ?

ಸೈಲೆನ್ಸರ್ ಪುಟದಲ್ಲಿ ಮಾತ್ರ ಕಾಫಿ ನೆತ್ತಿಗೆ ಹತ್ತಿತು. ಯಾವ ಬಂದೂಕಿಗೆ ಹಾಕಿದರೂ ಪಕ್ಕದ ಕೋಣೆಯವರಿಗೆ ಕೇಳಿಸಲ್ಲವಂತೆ! ನಾನೇನು ಸೈಲೆನ್ಸರ್ ಹಾಕಿ ಹೊಡೆದವನಲ್ಲ. ಆದರೆ ರೇಂಜಿನಲ್ಲಿ ಬಟ್ಸ್ ಡ್ಯೂಟಿ ಮಾಡಿದ ಯಾರನ್ನಾದರೂ ಕೇಳಿ. ಹೊಡೆಯೋರು 300 ಮೀಟರ್ ಆಚೆ, ನಾವು ಟಾರ್ಗೆಟ್ ಕೆಳಗಿನ ಹಳ್ಳದಲ್ಲಿ. ತಲೆಮೇಲೆ ಮೊದಲು ‘ಚಟ್’, ಅರ್ಧ ಸೆಕೆಂಡ್ ಬಿಟ್ಟು ದೂರದಿಂದ ‘ಧಬ್’. ಧಬ್ ಬಂದೂಕಿನದು. ಚಟ್ ಗುಂಡಿನದೇ, ಶಬ್ದಕ್ಕಿಂತ ಬೇಗ ಓಡುತ್ತಲ್ಲ. ಸೈಲೆನ್ಸರ್ ಹಿಡಿಯೋದು ಧಬ್ ಅನ್ನು ಮಾತ್ರ, ಅದನ್ನೂ ಪೂರ್ತಿ ಅಲ್ಲ: 160 ಡೆಸಿಬಲ್ ಇದ್ದದ್ದು ಇಳಿದು 130ರ ಹತ್ತಿರ ನಿಲ್ಲುತ್ತೆ. .45 ಪಿಸ್ತೂಲಿನ ಗುಂಡು ಶಬ್ದಕ್ಕಿಂತ ನಿಧಾನ, ಅದಕ್ಕೆ ಚಟ್ ಇಲ್ಲ. ಪುಸ್ತಕಕ್ಕೆ ರೈಫಲ್ಲೂ ಪಿಸ್ತೂಲೂ ಒಂದೇ. ತಮಾಷೆಯೆಂದರೆ, ಮೂತಿಗೆ ತೂಕ ಬಿದ್ದು, ಗ್ಯಾಸ್ ತಡೆದು, ಸೈಲೆನ್ಸರ್‌ನಿಂದ ಒದೆತವೂ ಕೊಂಚ ಇಳಿಯುತ್ತೆ. ಆ ಲಾಭವನ್ನು ಬರೆದೇ ಇಲ್ಲ.

ಐದಕ್ಕೆ ಮೂರು ಸ್ಟಾರ್, ಮೂರೂ ಒದೆತದ ಪುಟಗಳಿಗೆ. ಸೈಲೆನ್ಸರ್ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಟ್ಟೆ: ರೈಫಲ್ ಆದರೆ ಸದ್ದು ಕೇಳಿಸಲಿ, ಎಲ್ಲಿಂದ ಬಂತು ಅನ್ನೋದು ತಿಳಿಯದಿರಲಿ. ಮುಂದಿನ ಭಾನುವಾರದ ಆಟದಲ್ಲಿ ಸೈಲೆನ್ಸರ್ ರೈಫಲ್ ಸದ್ದಿಗೆ ಕಾವಲಿನ ಐದೂ ಜನ ಒಟ್ಟಿಗೇ ಎಚ್ಚರಾದರಂತೆ. ಹುಡುಗರಿಗೆ ಈಗ ನನ್ನ ಮೇಲೆ ಮುನಿಸು.