ಓರ್ಟ್ಗೀಸ್ ಮತ್ತು ಸ್ಯಾವೇಜ್: ನೂರು ವರ್ಷ ದಾಟಿದ ಎರಡು ಜೇಬು ಪಿಸ್ತೂಲುಗಳು

ಅಮೆರಿಕದಲ್ಲಿ ಹಳೆಯ ಜೇಬು ಪಿಸ್ತೂಲುಗಳನ್ನು ಸಂಗ್ರಹಿಸಲು ಹೊರಟವರ ಕಣ್ಣು ಮೊದಲು ಬೀಳುವುದು ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ರೂಪಿಸಿದ 1903ರ ಕೋಲ್ಟ್ ಪಿಸ್ತೂಲಿನ ಮೇಲೆ. ಅದರ ಬೆಲೆ ಕೇಳಿದ ಬಳಿಕ ಪಕ್ಕದ ಮೇಜಿನತ್ತ ತಿರುಗುವವರೇ ಹೆಚ್ಚು, ನಾನೂ ಹಾಗೆ ತಿರುಗಿದವನು. ಟೆಕ್ಸಸ್‌ನ ಬಂದೂಕು ಮೇಳಗಳಲ್ಲಿ ಕೊಂಡ ಎರಡು ಪಿಸ್ತೂಲುಗಳು, ಜರ್ಮನಿಯ ಓರ್ಟ್ಗೀಸ್ ಮತ್ತು ಅಮೆರಿಕದ 1907ರ ಸ್ಯಾವೇಜ್, ಈಗ ನನ್ನ ಬಳಿ ಇವೆ. ಎರಡರ ಬೆಲೆ ಸೇರಿದರೂ ಆಗ ಒಂದು ಒಳ್ಳೆಯ ಕೋಲ್ಟ್ ಬರುತ್ತಿರಲಿಲ್ಲ. ಐವತ್ತು ವರ್ಷ ದಾಟಿದ ಆಯುಧಗಳಿಗಾಗಿ ಸಂಗ್ರಾಹಕರಿಗೆ ಅಮೆರಿಕದ ಕೇಂದ್ರ ಸರಕಾರ ಕೊಡುವ ಪರವಾನಗಿಗೆ ಮೂರು ವರ್ಷಕ್ಕೆ 30 ಡಾಲರ್ ಶುಲ್ಕವಷ್ಟೇ ಆಗಿರುವುದರಿಂದ ಈ ಹವ್ಯಾಸಕ್ಕೆ ಕಾಲಿಡುವುದೂ ದುಬಾರಿಯಲ್ಲ.

ಇವೆರಡನ್ನು ಹೋಲಿಸಲು ಒಂದು ಅನುಕೂಲವಿದೆ. ಎರಡೂ .32 ಎಸಿಪಿ ಎಂಬ ಅಳತೆಯ ತೋಟಾ ಹಾರಿಸುತ್ತವೆ (ಯುರೋಪಿನಲ್ಲಿ ಅದಕ್ಕೆ 7.65 ಮಿ.ಮೀ. ಎಂದು ಹೆಸರು), ಆದ್ದರಿಂದ ಒಂದೇ ಪೆಟ್ಟಿಗೆಯ ತೋಟಾಗಳನ್ನು ಎರಡಕ್ಕೂ ತುಂಬಿ ಏಳು ಗಜ ದೂರದ ಕಾಗದದ ಗುರಿಗೆ ಹೊಡೆದು ನೋಡಿದೆ. ಎರಡರಲ್ಲಿಯೂ ಹಿಡಿಕೆಯ ಹಲಗೆಗಳನ್ನು ಬಿಗಿಯಲು ಒಂದು ಸ್ಕ್ರೂ ಕೂಡ ಇಲ್ಲವೆಂಬುದು ಮತ್ತೊಂದು ಸಾಮ್ಯ.

ಓರ್ಟ್ಗೀಸ್ ಹುಟ್ಟಿದ್ದು ಮೊದಲ ಮಹಾಯುದ್ಧ ಮುಗಿದ ಮೇಲೆ, ಎರ್ಫುರ್ಟ್ ನಗರದಲ್ಲಿ. ಕೆಲವೇ ವರ್ಷಗಳಲ್ಲಿ ಅದರ ತಯಾರಿಕೆ ಡಾಯ್ಚ ವರ್ಕ ಎಂಬ ಕಂಪನಿಯ ಕೈಸೇರಿತು. ಕೈಯಲ್ಲಿ ಹಿಡಿದಾಗ ಇದು ಅಗ್ಗದ ವಸ್ತುವೆಂದು ಅನ್ನಿಸುವುದೇ ಇಲ್ಲ. ಮರದ ಹಿಡಿಕೆ ಮೈಗೆ ಎಷ್ಟು ಹೊಂದಿಕೊಂಡಿದೆಯೆಂದರೆ ಸಂದು ಬೆರಳಿಗೆ ತಾಕುವುದಿಲ್ಲ. ಹಿಡಿಕೆಯ ಬೆನ್ನಿನಲ್ಲಿರುವ ಸುರಕ್ಷಾ ಪಟ್ಟಿಯನ್ನು ಒಮ್ಮೆ ಅದುಮಿದರೆ ಅದು ಒಳಗೇ ನಿಲ್ಲುತ್ತದೆ, ಪಕ್ಕದ ಗುಂಡಿ ಒತ್ತಿದಾಗಲಷ್ಟೇ ಹೊರಗೆ ಚಿಮ್ಮುತ್ತದೆ. ನಳಿಕೆ ಕದಲದೆ ನಿಲ್ಲುವುದರಿಂದ ಗುಂಡುಗಳು ಅಂಗೈಯಗಲದ ಜಾಗದಲ್ಲಿ ಬಿದ್ದವು, ಐವತ್ತು ತೋಟಾಗಳಲ್ಲಿ ಒಂದೂ ಸಿಕ್ಕಿಹಾಕಿಕೊಳ್ಳಲಿಲ್ಲ. ಸಿಟ್ಟು ಬರಿಸುವುದು ಬಿಚ್ಚಿದ ಮೇಲೆ ಮತ್ತೆ ಜೋಡಿಸುವ ಕೆಲಸ. ಮೊದಲ ಸಲ ತೋಟಾದ ಹಿಂಬದಿಗೆ ಬಡಿದು ಅದನ್ನು ಸಿಡಿಸುವ ಫೈರಿಂಗ್ ಪಿನ್ನಿನ ಸ್ಪ್ರಿಂಗ್ ಹಾರಿ ಅಲಮಾರಿಯ ಹಿಂದೆ ಬಿದ್ದು ಅರ್ಧ ಗಂಟೆ ಹುಡುಕಿಸಿತು.

ಸ್ಯಾವೇಜ್‌ಗೆ ಇರುವುದು ಕಥೆಯ ಬಲ. ಅಮೆರಿಕದ ಸೇನೆಯ ಪಿಸ್ತೂಲು ಆಯ್ಕೆಯಲ್ಲಿ ಇದೇ ಕಂಪನಿಯ .45 ಮಾದರಿಯು ಕೋಲ್ಟ್‌ಗೆ ಎದುರಾಗಿ ಕೊನೆಯ ಸುತ್ತಿನವರೆಗೂ ನಿಂತು, 1911ರಲ್ಲಿ ಸೋತಿತು; ಜೇಬಿನ ಮಾದರಿ ಮಾತ್ರ ಅಂಗಡಿಗಳಲ್ಲಿ ಚೆನ್ನಾಗಿಯೇ ಓಡಿತು. ಎರಡು ಸಾಲಿನಲ್ಲಿ ಹತ್ತು ತೋಟಾ ಹಿಡಿಸುವ ಮ್ಯಾಗಝೀನ್ ಆ ಕಾಲಕ್ಕೆ ಅಪರೂಪ, ಓರ್ಟ್ಗೀಸ್‌ನದು ಎಂಟರದು. ಹಿಂಭಾಗದಲ್ಲಿ ಸುತ್ತಿಗೆಯಂತೆ ಕಾಣುವ ದುಂಡನೆಯ ಭಾಗ ನಿಜವಾಗಿ ಸುತ್ತಿಗೆಯಲ್ಲ, ಒಳಗೆ ತೋಟಾಕ್ಕೆ ಬಡಿಯುವ ಕಡ್ಡಿಯಾದ ಸ್ಟ್ರೈಕರ್‌ಗೆ ಜೋಡಿಸಿದ ಹಿಡಿ. ಹೊಡೆಯುವಾಗ ಮಾತ್ರ ನನಗೆ ನಿರಾಸೆಯಾಯಿತು. ಮ್ಯಾಗಝೀನ್ ಬಿಡಿಸುವ ಕೊಂಡಿ ಹಿಡಿಕೆಯ ಮುಂಭಾಗದ ಕೆಳತುದಿಯಲ್ಲಿರುವುದರಿಂದ ನನ್ನ ಕಿರುಬೆರಳು ತಗುಲಿ ಎರಡು ಬಾರಿ ಮ್ಯಾಗಝೀನ್ ಜಾರಿತು, ಗುಂಡುಗಳೂ ಓರ್ಟ್ಗೀಸ್‌ನವಕ್ಕಿಂತ ಹೆಚ್ಚು ಚದುರಿದವು. ಸುಮಾರು ನೂರು ವರ್ಷ ಹಳೆಯ ಸ್ಪ್ರಿಂಗುಗಳು ಇದಕ್ಕೆ ಎಷ್ಟು ಕಾರಣ, ನನ್ನ ಕೈ ಎಷ್ಟು ಕಾರಣ ಎಂದು ಬೇರ್ಪಡಿಸುವುದು ಕಷ್ಟ.

1970ರ ನಂತರ ಕ್ಯಾಲಿಫೋರ್ನಿಯದಲ್ಲಿ ತಯಾರಾದ, ಸತುವಿನ ಮಿಶ್ರಲೋಹದ ರೇವನ್ ಎಂಬ .25 ಪಿಸ್ತೂಲನ್ನೂ ಗೆಳೆಯರೊಬ್ಬರಿಂದ ಪಡೆದು ಹಾರಿಸಿದ್ದೇನೆ. ಬೆಲೆಯಲ್ಲಿ ಅದು ಎರಡನ್ನೂ ಸೋಲಿಸುತ್ತದೆಯಾದರೂ ಬಿಚ್ಚಿ ನೋಡುವ ಕುತೂಹಲ ನನ್ನಲ್ಲಿ ಹುಟ್ಟಲಿಲ್ಲ.

ಹೊಸಬರು ಮೊದಲ ಪಿಸ್ತೂಲು ಯಾವುದಿರಲಿ ಎಂದು ಕೇಳಿದರೆ ಓರ್ಟ್ಗೀಸ್ ಎನ್ನುತ್ತೇನೆ. ಕೊಳ್ಳುವಾಗ ಮರದ ಹಿಡಿಕೆಯಲ್ಲಿ ಬಿರುಕಿದೆಯೇ, ಮ್ಯಾಗಝೀನ್ ಮೂಲದ್ದೇ ಎಂದು ನೋಡಬೇಕು. ಮೂಲದ್ದರ ಒಂದು ಬದಿಯಲ್ಲಿ 7.65, ಇನ್ನೊಂದು ಬದಿಯಲ್ಲಿ 9 ಎಂಬ ಮಿ.ಮೀ. ಅಳತೆಯ ಗುರುತುಗಳಿರುತ್ತವೆ. ಸ್ಯಾವೇಜ್ ಕೊಳ್ಳುವವರು ಗಟ್ಟಿ ರಬ್ಬರಿನ ಹಿಡಿಕೆಯನ್ನು ಕೀಳುವ ಆಸೆಯನ್ನು ಅದುಮಿಕೊಳ್ಳಬೇಕು. ನನ್ನದರ ಎಡಬದಿಯ ಹಲಗೆ ಮೂಲೆಯಲ್ಲಿ ಚಕ್ಕೆ ಎದ್ದದ್ದು ನನ್ನ ಕೈಯಿಂದಲೇ.